ನಿಸರ್ಗದ ಆಯ್ಕೆಯೂ ಅಳಿವಿನಂಚಿನ ಜೀವಿಗಳ ರಕ್ಷಣೆಯೂ

(ಉಪನ್ಯಾಸದ ಪಾಠ)



ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರುವಾಸಿಯಾಗಿದ್ದ ಕಾಲದಲ್ಲಿ ಜನರು ಅದನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದುದು ಇಲ್ಲಿ ನೆರೆದಿರುವ ಹಿರಿಯರೆಲ್ಲರಿಗೂ ತಿಳಿದ ವಿಷಯವೇ ಸರಿ. ಆ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋದುವು. ಕರೂರಿನ ಈ ಕೈಗಾರಿಕಾ ಪ್ರದೇಶದಂತಹ ಹೊಸ ನೆಲೆಗಳು ಎದ್ದುವು. ಹಳೆಯ ಬಿರುದು ಮಾತ್ರ ಜನರ ಬಾಯಲ್ಲಿ ಉಳಿಯಿತು. ಆ ಬಿರುದಿಗೆ ಮೂಲವಾದ ಮ್ಯಾಂಚೆಸ್ಟರ್ ನಗರಕ್ಕಾದರೋ ಬಟ್ಟೆಯ ಕೀರ್ತಿಯಲ್ಲದೆ ಮತ್ತೊಂದು ಕೀರ್ತಿಯೂ ಉಂಟು. ಜೀವಶಾಸ್ತ್ರದ ಗ್ರಂಥಗಳಲ್ಲಿ ಅದರ ಹೆಸರು ಒಂದು ಚಿಕ್ಕ ಪತಂಗದ ದೆಸೆಯಿಂದ ಸ್ಥಿರವಾಗಿ ನಿಂತಿದೆ. ಕೈಗಾರಿಕೆಯ ನೆಲದ ಮೇಲೆ ಕುಳಿತು ಜೀವಿಗಳ ಅಳಿವು ಉಳಿವುಗಳನ್ನು ವಿಚಾರಿಸುವಾಗ ಆ ಪತಂಗದಿಂದಲೇ ಆರಂಭಿಸುವುದು ಉಚಿತವಾಗಿದೆ.

ಈ ಪತಂಗವು ರಾತ್ರಿ ಹಾರಾಡುವುದು. ಹಗಲೆಲ್ಲ ಮರದ ಮೈಮೇಲೆ ರೆಕ್ಕೆ ಹರಡಿ ಅಲುಗದೆ ಕುಳಿತಿರುವುದು. ಬಿಳಿಯ ರೆಕ್ಕೆಯ ಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕರಿಯ ಚುಕ್ಕೆಗಳು. ಕಲ್ಲುಹೂವು ಹಬ್ಬಿದ ತೊಗಟೆಯ ಮೇಲೆ ಅದು ಕುಳಿತರೆ ಹಕ್ಕಿಯ ಕಣ್ಣಿಗೂ ಸುಲಭವಾಗಿ ಬೀಳದು. ಗಿರಣಿಗಳ ಹೊಗೆಯಿಂದ ಕಲ್ಲುಹೂವು ಸತ್ತು, ಮಸಿಯಿಂದ ಮರಗಳು ಕಪ್ಪಾದಾಗ ಆ ಬಿಳಿಯ ಪತಂಗವು ಕರಿಯ ಕಂಬಳಿಯ ಮೇಲೆ ಬಿದ್ದ ಅಕ್ಕಿಯ ಕಾಳಿನಂತೆ ಎದ್ದು ಕಾಣತೊಡಗಿತು. ಅದೇ ಕುಲದಲ್ಲಿ ಅಪರೂಪಕ್ಕೆ ಕರಿಯ ಮೈಯವೂ ಹುಟ್ಟುತ್ತಿದ್ದುವು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂತಹದೊಂದು ಸಿಕ್ಕಿತೆಂದು ದಾಖಲೆಯಿದೆ. 1895ರ ಹೊತ್ತಿಗೆ ಆ ಪ್ರಾಂತದ ಪತಂಗಗಳಲ್ಲಿ ನೂರಕ್ಕೆ 98 ಕರಿಯವೇ ಆಗಿದ್ದುವು. 1956ರಲ್ಲಿ ಬ್ರಿಟನ್ನಿನ ಸರಕಾರವು ಹೊಗೆಯನ್ನು ಅಂಕೆಯಲ್ಲಿಡುವ ಕಾಯಿದೆಯನ್ನು ಮಾಡಿದ ಮೇಲೆ ಗಾಳಿ ತಿಳಿಯಾಗುತ್ತ ಬಂದು, ಬಿಳಿಯ ಪತಂಗವೇ ಮರಳಿ ಹೆಚ್ಚಿತು. 2016ರಲ್ಲಿ ಲಿವರ್‌ಪೂಲಿನ ವಿದ್ವಾಂಸರು ಕರಿಯ ಬಣ್ಣಕ್ಕೆ ಕಾರಣವಾದ ಅನುವಂಶಿಕ ಮಾರ್ಪಾಟನ್ನೇ ಗುರುತಿಸಿ, ಅದು ಸುಮಾರು 1819ರಲ್ಲಿ ಉಂಟಾಗಿರಬೇಕೆಂದು ಗಣಿಸಿದರು.

ಇಲ್ಲಿ ಯಾವ ಪತಂಗವೂ ಕಪ್ಪಾಗಬೇಕೆಂದು ಬಯಸಲಿಲ್ಲ. ಬಿಳಿಯದು ಬದುಕಿರುವಾಗಲೇ ಕರಿದಾಗಲೂ ಇಲ್ಲ. ಹುಟ್ಟಿನಿಂದಲೇ ಭೇದವಿತ್ತು. ಆ ಭೇದವು ಮರಿಗಳಿಗೆ ಇಳಿಯುತ್ತಿತ್ತು. ಹಕ್ಕಿಯು ಕಂಡದ್ದನ್ನು ತಿಂದಿತು, ಕಾಣದ್ದು ಉಳಿದು ಮೊಟ್ಟೆಯಿಟ್ಟಿತು. ಇಷ್ಟೇ ನಿಸರ್ಗದ ಆಯ್ಕೆ. ಬೀಜದ ಜೋಳವನ್ನು ಆರಿಸುವ ರೈತನಂತೆ ಆರಿಸುವವನೊಬ್ಬನು ಇದರಲ್ಲಿಲ್ಲವಾದರೂ ಕೊನೆಯಲ್ಲಿ ಆರಿಸಿದಂತೆಯೇ ಆಗುವುದರಿಂದ ಆ ಹೆಸರು ಬಂದಿತು.

ಈ ಕಥೆಯನ್ನು ಕೇಳಿದ ಬುದ್ಧಿವಂತನ ಮನಸ್ಸಿನಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹೊಗೆ ಬಂದಿತು, ಪತಂಗವು ಹೊಂದಿಕೊಂಡಿತು. ಯಾರೂ ಅದಕ್ಕಾಗಿ ವನ್ಯಧಾಮವನ್ನು ಕಟ್ಟಲಿಲ್ಲ, ಕಾವಲುಗಾರರನ್ನು ನೇಮಿಸಲಿಲ್ಲ. ಹಾಗಿದ್ದ ಬಳಿಕ ಹೊಂದಿಕೊಳ್ಳಲಾರದ ಪ್ರಾಣಿಯನ್ನು ಬೊಕ್ಕಸದ ಹಣದಿಂದ ಹಿಡಿದು ನಿಲ್ಲಿಸುವುದು ನಿಸರ್ಗದ ನಿಯಮಕ್ಕೆ ಅಡ್ಡಗಾಲು ಹಾಕಿದಂತಲ್ಲವೇ? ಭೂಮಿಯ ಮೇಲೆ ಎಂದಾದರೂ ಬಾಳಿದ ಜೀವಜಾತಿಗಳಲ್ಲಿ ನೂರಕ್ಕೆ 99 ಪಾಲು ಆಗಲೇ ಅಳಿದುಹೋಗಿವೆಯಂತೆ. ಇನ್ನೊಂದು ಅಳಿದರೆ ಏನಾಯಿತು? ಮನುಷ್ಯನೂ ನಿಸರ್ಗದ ಕೂಸೇ ಅಲ್ಲವೇ. ಅವನು ಕಟ್ಟಿದ ಕಾರ್ಖಾನೆಯೂ ಗೆದ್ದಲು ಕಟ್ಟಿದ ಹುತ್ತದಂತೆ ನಿಸರ್ಗದ್ದೇ ಏಕಾಗಬಾರದು? ಇವು ನಕ್ಕು ತಳ್ಳಿಹಾಕತಕ್ಕ ಮಾತುಗಳಲ್ಲ. ದಯೆಯ ಹೆಸರಿನಲ್ಲಿ ಇವಕ್ಕೆ ಉತ್ತರ ಕೊಡಬಹುದು. ಮಠದ ಸಭೆಯಲ್ಲಿ ಅಂತಹ ಮಾತಿಗೆ ಬರವೂ ಇಲ್ಲ. ಆದರೆ ಆಕ್ಷೇಪವು ಶಾಸ್ತ್ರದ ಹೆಸರು ಹೇಳಿಕೊಂಡು ಬಂದಿರುವುದರಿಂದ ಅದಕ್ಕೆ ಶಾಸ್ತ್ರದಿಂದಲೇ ಉತ್ತರ ಹುಡುಕುವುದು ನ್ಯಾಯ.

ಮೊದಲನೆಯದಾಗಿ ಮಾತಿನ ತೊಡಕನ್ನು ಬಿಡಿಸಬೇಕು. 1858ನೆಯ ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದಲ್ಲಿ ಚಾರ್ಲ್ಸ್ ಡಾರ್ವಿನ್ನನ ಬರಹವನ್ನೂ ಆಲ್‌ಫ್ರೆಡ್ ರಸೆಲ್ ವ್ಯಾಲೆಸನ ಬರಹವನ್ನೂ ಒಟ್ಟಿಗೆ ಓದಿದಾಗ ಈ ತತ್ತ್ವವು ಲೋಕಕ್ಕೆ ತಿಳಿಯಿತು. ಮರುವರುಷ, 1859ರಲ್ಲಿ, ಡಾರ್ವಿನ್ನನ ಮಹಾಗ್ರಂಥವು ಹೊರಬಂದಿತು. ‘ಅರ್ಹವಾದುದೇ ಉಳಿಯುವುದು’ ಎಂಬ ಪ್ರಸಿದ್ಧವಾದ ಮಾತು ಈ ಇಬ್ಬರಲ್ಲಿ ಯಾರದೂ ಅಲ್ಲ. ಅದನ್ನು 1864ರಲ್ಲಿ ಹರ್ಬರ್ಟ್ ಸ್ಪೆನ್ಸರನು ಹುಟ್ಟಿಸಿದನು. ಡಾರ್ವಿನ್ನನು 1869ರ ಐದನೆಯ ಆವೃತ್ತಿಯಲ್ಲಿ ಅದನ್ನು ತನ್ನ ಗ್ರಂಥದೊಳಗೆ ಬರಮಾಡಿಕೊಂಡನು. ಆ ಅತಿಥಿಯಿಂದ ಆದ ಗೊಂದಲ ಸ್ವಲ್ಪವಲ್ಲ. ‘ಅರ್ಹ’ ಎಂದರೆ ಬಲಶಾಲಿ ಎಂದೋ ಯೋಗ್ಯತೆಯುಳ್ಳದ್ದು ಎಂದೋ ಜನರು ತಿಳಿದರು. ನಿಜವಾಗಿ ಆ ಸ್ಥಳದಲ್ಲಿ, ಆ ಕಾಲದಲ್ಲಿ, ಬೇರೆಯವಕ್ಕಿಂತ ಹೆಚ್ಚು ಸಂತಾನವನ್ನು ಉಳಿಸಿದ್ದು ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. 1895ರಲ್ಲಿ ಕರಿಯ ಪತಂಗವು ಅರ್ಹವಾಗಿತ್ತು. ನೂರು ವರುಷದ ಮೇಲೆ ಬಿಳಿಯದು. ಇವೆರಡರಲ್ಲಿ ಮೇಲು ಯಾವುದು ಕೀಳು ಯಾವುದು ಎಂದು ಕೇಳುವುದೇ ಅಸಂಬದ್ಧ.

ಮತ್ತು ನಿಯಮವೆಂಬುದು ಅಪ್ಪಣೆಯಲ್ಲ. ಕೈಬಿಟ್ಟ ಕಲ್ಲು ಕೆಳಕ್ಕೆ ಬೀಳುವುದು ನಿಯಮ. ಅದರಿಂದ ಚಾವಣಿಗೆ ಕಂಬ ಕೊಡುವುದು ನಿಸರ್ಗದ್ರೋಹವೆಂದು ಯಾವ ಮೇಸ್ತ್ರಿಯೂ ಹೇಳನು. ಸಿಡುಬು ದುರ್ಬಲರನ್ನು ಕೊಂದು ಕುಲವನ್ನು ಶುದ್ಧಿಮಾಡುತ್ತದೆಂದು ಹೇಳಿ ದೇವಿ ಹಾಕಿಸಿಕೊಳ್ಳದಿರುವವನನ್ನು ಶಾಸ್ತ್ರಜ್ಞನೆಂದು ಯಾರೂ ಕರೆಯಲಿಲ್ಲ. ಮನುಷ್ಯನು ನಿಸರ್ಗದ ಕೂಸು ಎಂಬುದನ್ನು ಒಪ್ಪಿದರೆ ಅವನ ಕೊಡಲಿಯಷ್ಟೇ ಅವನ ಕರುಣೆಯೂ ನಿಸರ್ಗಸಹಜವೆಂದು ಒಪ್ಪಬೇಕಾಗುವುದು. ಆ ವಾದದಿಂದ ಎರಡು ಕಡೆಗೂ ಲಾಭವಿಲ್ಲ.

ಈ ತತ್ತ್ವದ ಇಬ್ಬರು ಪ್ರವರ್ತಕರೂ ಈ ವಿಷಯದಲ್ಲಿ ಏನು ಮಾಡಿದರೆಂಬುದು ತಿಳಿಯತಕ್ಕದ್ದು. ವ್ಯಾಲೆಸನು ಮಲಯ ದ್ವೀಪಸ್ತೋಮವನ್ನು ಸುತ್ತಿ ಬಂದು 1863ರಲ್ಲಿ ಬರೆದ ಪ್ರಬಂಧದಲ್ಲಿ, ಒಂದೊಂದು ಜೀವಜಾತಿಯೂ ಭೂಮಿಯ ಇತಿಹಾಸವೆಂಬ ಹೊತ್ತಗೆಯ ಒಂದೊಂದು ಅಕ್ಷರದಂತಿರುವುದರಿಂದ ಅಕ್ಷರಗಳು ಅಳಿದಷ್ಟೂ ಆ ಹೊತ್ತಗೆಯನ್ನು ಓದುವುದು ಅಸಾಧ್ಯವಾಗುವುದೆಂಬ ಅಭಿಪ್ರಾಯವನ್ನು ಸೂಚಿಸಿ, ಸರಕಾರಗಳು ಎಚ್ಚರಗೊಳ್ಳಬೇಕೆಂದನು. 1874ರಲ್ಲಿ ಹಿಂದೂ ಮಹಾಸಾಗರದ ಆಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ಉಳಿಸಬೇಕೆಂದು ಮಾರಿಷಸ್ಸಿನ ಗವರ್ನರನಿಗೆ ಕಳುಹಿಸಿದ ಬಿನ್ನವತ್ತಳೆಗೆ ಸಹಿ ಹಾಕಿದವರಲ್ಲಿ ಡಾರ್ವಿನ್ನನೂ ಒಬ್ಬನು. ನಿಸರ್ಗದ ಆಯ್ಕೆಯನ್ನು ಕಂಡುಹಿಡಿದವರಿಗೆ ರಕ್ಷಣೆಯು ಅದಕ್ಕೆ ವಿರೋಧವೆಂದು ತೋರಲಿಲ್ಲ. ಏಕೆ ತೋರಲಿಲ್ಲವೆಂಬುದಕ್ಕೆ ಮ್ಯಾಂಚೆಸ್ಟರಿನ ಪತಂಗವನ್ನು ಬಿಟ್ಟು ಈ ಬಯಲುಸೀಮೆಗೇ ಬರಬೇಕು.

ಚಿತ್ರದುರ್ಗ, ದಾವಣಗೆರೆ, ಹಾವೇರಿ, ಬಳ್ಳಾರಿಗಳ ಬಯಲನ್ನು ಕಂದಾಯದ ಲೆಕ್ಕದ ಪುಸ್ತಕಗಳು ಎಷ್ಟೋ ಕಡೆ ಖರಾಬು ಎಂದು ಬರೆದಿಟ್ಟಿವೆ. ಮರವಿಲ್ಲದ ನೆಲವು ಕೆಟ್ಟ ನೆಲವೆಂಬ ಎಣಿಕೆಯು ಆ ಒಂದು ಪದದಲ್ಲಿ ಅಡಗಿದೆ. ಆದರೆ ಮೈಸೂರಿನ ಅರಸರು ಇದೇ ಹುಲ್ಲನ್ನು ಹೊನ್ನಿನಂತೆ ಕಾಯ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದೂ ಟಿಪ್ಪು ಸುಲ್ತಾನನ ಕಾಲದಿಂದ ಅಮೃತಮಹಲೆಂದೂ ಹೆಸರಾದ ಇಲಾಖೆಯ ದನಗಳಿಗಾಗಿ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಓಟಕ್ಕೂ ಭಾರ ಎಳೆಯುವುದಕ್ಕೂ ತಕ್ಕ ಎತ್ತುಗಳನ್ನು ತಲೆತಲಾಂತರದಿಂದ ಆರಿಸಿ ಆರಿಸಿ ಬೆಳೆಸಿದ ತಳಿಯದು. ಡಾರ್ವಿನ್ನನು ತನ್ನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಇಂತಹ ಸಾಕುಪ್ರಾಣಿಗಳ ಆಯ್ಕೆಯಿಂದಲೇ ಆರಂಭಿಸಿರುವನು. ಆದರೆ ಆ ಕಾವಲುಗಳಲ್ಲಿ ಮತ್ತೊಂದು ಆಯ್ಕೆಯೂ ಅಷ್ಟೇ ಮೌನವಾಗಿ ನಡೆಯುತ್ತಿದ್ದಿತು. ದನವನ್ನು ಗೌಳಿಗನು ಆರಿಸಿದನು. ಅದೇ ಹುಲ್ಲಿನಲ್ಲಿ ಕೃಷ್ಣಮೃಗವನ್ನು ಆರಿಸಿದುದು ತೋಳ ಮತ್ತು ಚೀತಾ.

ಕೃಷ್ಣಮೃಗವನ್ನು ಉತ್ತರದ ಸೀಮೆಯವರು ಚಿಗರಿಯೆನ್ನುವರು. ಅದು ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಿಂದ ಓಡಬಲ್ಲುದು. ತೋಳನಿಂದ ತಪ್ಪಿಸಿಕೊಳ್ಳಲು ಇಷ್ಟು ವೇಗ ಬೇಕಾಗಿಲ್ಲ. ಸಿವಂಗಿಯೆಂದು ಹಳಬರು ಕರೆಯುತ್ತಿದ್ದ ಚೀತಾ ಬೆನ್ನಟ್ಟುತ್ತಿದ್ದುದರಿಂದಲೇ ಆ ಕಾಲುಗಳು ಹಾಗೆ ರೂಪುಗೊಂಡುವೆಂದು ತಿಳಿದವರು ಊಹಿಸುವರು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಕೊನೆಯ ಮೂರು ಚೀತಾಗಳು ಗುಂಡಿಗೆ ಬಿದ್ದುವೆನ್ನುವರು; 1952ರಲ್ಲಿ ಅದು ಭಾರತದಲ್ಲಿ ಅಳಿಯಿತೆಂದು ಸಾರಲಾಯಿತು. ಬೆನ್ನಟ್ಟುವುದು ಹೋಯಿತು, ಓಟ ಇನ್ನೂ ಉಳಿದಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಒಂದು ವನ್ಯಧಾಮವನ್ನು ಯಾವ ಪ್ರಾಣಿಗಾಗಿ ಮೀಸಲಿಟ್ಟರೋ ಆ ಕೊಂಡುಕುರಿಯು ಇದೇ ಸೀಮೆಯ ಮತ್ತೊಂದು ಕುಲ. ಕಾಡುಮೃಗಗಳಲ್ಲಿ ನಾಲ್ಕು ಕೊಂಬುಳ್ಳದ್ದು ಅದೊಂದೇ. ಅದು ಬಯಲಲ್ಲಿ ಹಿಂಡುಗಟ್ಟಿ ಓಡುವುದಿಲ್ಲ. ಕುರುಚಲಿನಲ್ಲಿ ಒಂಟಿಯಾಗಿ ಅಡಗುವುದು. ಒಂದೇ ಬಗೆಯ ಶತ್ರುವಿಗೆ ಒಂದು ಓಟದಿಂದ ಉತ್ತರ ಕೊಟ್ಟಿತು, ಒಂದು ಅಡಗುವುದರಿಂದ. ಇಂತಹ ಉತ್ತರಗಳಿಗೆ ಲಕ್ಷಾಂತರ ವರುಷಗಳು ಹಿಡಿದಿವೆ.

ಬಯಲಿನ ಮೂರನೆಯ ನಿವಾಸಿಯೇ ಈ ಉಪನ್ಯಾಸಕ್ಕೆ ಮುಖ್ಯವಾದುದು. ಎರೆಯ ನೆಲದ ಹಕ್ಕಿಯಾದುದರಿಂದ ಅದಕ್ಕೆ ಎರೆಭೂತವೆಂದು ಹೆಸರು. ಎತ್ತರ ಸುಮಾರು ಒಂದು ಮೀಟರು; ಗಂಡು 15 ಕಿಲೋಗ್ರಾಮಿನವರೆಗೂ ತೂಗುವುದುಂಟು; ಹಾರಬಲ್ಲ ಹಕ್ಕಿಗಳಲ್ಲಿ ಲೋಕದಲ್ಲೇ ಅತಿ ಭಾರವಾದವುಗಳ ಸಾಲಿಗೆ ಅದು ಸೇರಿದೆ. ಮಿಡತೆ, ಜೀರುಂಡೆ, ಹಲ್ಲಿ, ಕಾಳು ಅದರ ಆಹಾರ. ಮರದಲ್ಲಿ ಕೂರದು, ಗೂಡು ಕಟ್ಟದು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು ಸುಮಾರು 27 ದಿನ ಕಾವು ಕೊಡುವುದು. ಸುತ್ತಲೂ ದೂರದವರೆಗೆ ಕಣ್ಣಿಗೆ ತಡೆಯಿರದ ಸ್ಥಳವೇ ಅದಕ್ಕೆ ಬೇಕು. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಎಡಬಲಗಳಿಂದ ಬರುವ ತೋಳ ನರಿಗಳನ್ನು ಅದು ದೂರದಿಂದಲೇ ಕಾಣುವುದು. ನೇರ ಎದುರಿನ ನೋಟ ಮಾತ್ರ ಮಂದ. ಬಯಲಿನಲ್ಲಿ ಎದುರಿಗೆ ಡಿಕ್ಕಿ ಹೊಡೆಯಲು ಏನಿತ್ತು? ಆ ಕಣ್ಣು ಆ ಬಯಲಿಗೆ ಸರಿಯಾಗಿಯೇ ಇತ್ತು.

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿಗೆ ಹೋಗುವುದು ಇಲ್ಲಿಂದ ಒಂದು ಗಂಟೆಯ ದಾರಿ. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ವನ್ಯಧಾಮವನ್ನು ಸರಕಾರ ಸ್ಥಾಪಿಸಿತು. ಆಗ ಆ ಬಯಲಿನಲ್ಲಿ ಚಿಗರಿಯ ಜೊತೆಗೆ ಎರೆಭೂತವೂ ಇದ್ದಿತು. ಎರಡನ್ನೂ ಉಳಿಸುವ ಉದ್ದೇಶವೂ ಇದ್ದಿತು. ಒಂದೇ ಬೇಲಿ, ಒಂದೇ ಕಾಯಿದೆ, ಒಂದೇ ಕಾವಲು. ಇಂದು ಚಿಗರಿಗಳು ಸಾವಿರಗಟ್ಟಲೆ ಇವೆ. ಎರೆಭೂತವು ಅಲ್ಲಿಂದ ಕಾಣೆಯಾಗಿದೆ.

ಕಾರಣವು ಗುಟ್ಟಿನದಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದಿಂದ ಆ ‘ಖರಾಬು’ ನೆಲದಲ್ಲಿ ನೀಲಗಿರಿ ಮರವನ್ನು ವಿಸ್ತಾರವಾಗಿ ನೆಟ್ಟರು. ಹಸುರು ಹೆಚ್ಚಿದರೆ ಕಾಡು ಹೆಚ್ಚಿದಂತೆ ಎಂಬ ಸದುದ್ದೇಶವೇ ಇದಕ್ಕೆ ಆಧಾರ. ಯಾರನ್ನೂ ದುರುಳರೆಂದು ತೆಗಳಬೇಕಾಗಿಲ್ಲ. ಚಿಗರಿಯು ಹಗಲಲ್ಲಿ ಮರಗಳ ಸಾಲಿನ ನಡುವೆ ನೆರಳನ್ನೂ ಮರೆಯನ್ನೂ ಪಡೆದು, ಹೊತ್ತಿಳಿದ ಮೇಲೆ ಸುತ್ತಲಿನ ಹೊಲಗಳಿಗೆ ಇಳಿಯುವುದನ್ನು ಕಲಿತುಕೊಂಡಿತು. ಎರೆಭೂತಕ್ಕೆ ಮರದ ಸಾಲು ಗೋಡೆಯಾಯಿತು. ಶತ್ರುವನ್ನು ದೂರದಿಂದ ಕಾಣುವ ಹಾಗಿಲ್ಲ, ಗಂಡು ಹಕ್ಕಿ ಎದೆಯ ಚೀಲವನ್ನುಬ್ಬಿಸಿ ಹೆಣ್ಣಿಗೆ ತೋರಿಸಿಕೊಳ್ಳುವ ತೆರಪಿಲ್ಲ, ಮೊಟ್ಟೆಯಿಡುವ ನೆಲವಿಲ್ಲ. ಇಲ್ಲಿ ಆಕ್ಷೇಪಕರು ಮತ್ತೆ ಏಳಬಹುದು: ‘ನೋಡಿರಿ, ಹೊಂದಿಕೊಂಡದ್ದು ಉಳಿಯಿತು, ಹೊಂದದ್ದು ಹೋಯಿತು, ನಿಸರ್ಗವು ತೀರ್ಪು ಕೊಟ್ಟಿತು.’

ತೀರ್ಪು ಕೊಡಬೇಕಾದರೆ ಆಯ್ಕೆಗೆ ಮೂರು ಸಾಮಗ್ರಿಗಳು ಬೇಕು. ಮೊದಲನೆಯದು ಸಂಖ್ಯೆ. ಪತಂಗವು ಲಕ್ಷೋಪಲಕ್ಷವಿತ್ತು, ಬಿಳಿಯವು ಸಾಲುಸಾಲಾಗಿ ಹಕ್ಕಿಗಳ ಹೊಟ್ಟೆ ಸೇರಿದರೂ ಕುಲಕ್ಕೆ ಕುಂದಾಗಲಿಲ್ಲ. ಎರೆಭೂತದ ಸಂಖ್ಯೆಯನ್ನು 1969ರಲ್ಲಿ ಇಡೀ ದೇಶದಲ್ಲಿ ಸುಮಾರು 1,260 ಎಂದು ಅಂದಾಜು ಮಾಡಿದ್ದರು. ಈಗ ನೂರೈವತ್ತಕ್ಕಿಂತ ಹೆಚ್ಚಿರಲಾರದು, ಅವುಗಳಲ್ಲಿಯೂ ಬಹುಪಾಲು ರಾಜಸ್ಥಾನದಲ್ಲಿವೆ. ಎರಡನೆಯದು ಭೇದ, ಅಂದರೆ ಕುಲದೊಳಗಿನ ಒಂದಕ್ಕೂ ಇನ್ನೊಂದಕ್ಕೂ ಹುಟ್ಟಿನಿಂದ ಬರುವ ವ್ಯತ್ಯಾಸ. ಮಸಿ ಬರುವುದಕ್ಕೆ ಮೊದಲೇ, ಇಲ್ಲವೆ ಅದರ ಆರಂಭದಲ್ಲಿಯೇ, ಎಲ್ಲೋ ಒಂದು ಕರಿಯ ಪತಂಗವು ಹುಟ್ಟಿರದಿದ್ದರೆ ಮ್ಯಾಂಚೆಸ್ಟರಿನ ಕಥೆಯೇ ಇರುತ್ತಿರಲಿಲ್ಲ. ಸಂಖ್ಯೆ ಕುಗ್ಗಿದ ಕುಲದಲ್ಲಿ ಈ ಭೇದವೂ ಬತ್ತುವುದು. ಚೀತಾದ ಕುಲವು ಎಂದೋ ಒಮ್ಮೆ ಬಹಳ ಕುಗ್ಗಿದ್ದರಿಂದ ಅದರಲ್ಲಿ ಭೇದವು ಎಷ್ಟು ಕಡಿಮೆಯಾಗಿದೆಯೆಂದರೆ, 1980ರ ದಶಕದಲ್ಲಿ ಪರಸ್ಪರ ನಂಟಿಲ್ಲದ ಚೀತಾಗಳ ನಡುವೆ ಚರ್ಮದ ಕಸಿ ಮಾಡಿ ನೋಡಿದಾಗ ಅವುಗಳ ದೇಹವು ಪರರ ಚರ್ಮವನ್ನು ಬೇಗನೆ ಹೊರದೂಡಲಿಲ್ಲ. ಒಂದೇ ರೋಗ ಎಲ್ಲವನ್ನೂ ಒಂದೇ ರೀತಿಯಲ್ಲಿ ತಟ್ಟಬಹುದಾದ ಸ್ಥಿತಿಯದು. ಮೂರನೆಯದು ಕಾಲ, ಅದೂ ವರುಷಗಳ ಲೆಕ್ಕದಲ್ಲಲ್ಲ, ತಲೆಮಾರುಗಳ ಲೆಕ್ಕದಲ್ಲಿ. ಪತಂಗಕ್ಕೆ ವರುಷಕ್ಕೊಂದು ತಲೆಮಾರು. 1848ರಿಂದ 1895ರವರೆಗೆ ಅದಕ್ಕೆ ಸುಮಾರು ಐವತ್ತು ತಲೆಮಾರುಗಳು ಸಿಕ್ಕಿದುವು. ವರುಷಕ್ಕೊಂದು ಮೊಟ್ಟೆಯಿಟ್ಟು, ಅದರಲ್ಲೂ ಎಷ್ಟೋ ನಾಯಿ ನರಿಗಳ ಪಾಲಾಗುವ ಹಕ್ಕಿಗೆ ಅದೇ ಅವಧಿಯಲ್ಲಿ ಸಿಕ್ಕುವ ತಲೆಮಾರುಗಳನ್ನು ಕೈಬೆರಳಿನಲ್ಲಿ ಎಣಿಸಬಹುದು.

ಆದುದರಿಂದ ರಾಣೆಬೆನ್ನೂರಿನಲ್ಲಿ ನಡೆದುದನ್ನು ಆಯ್ಕೆಯೆಂದು ಕರೆಯುವುದಕ್ಕಿಂತ ಆಯ್ಕೆಯ ಅಂಗಡಿಯನ್ನೇ ಮುಚ್ಚಿದುದೆಂದು ಕರೆಯುವುದು ಸರಿಯಾದೀತು. ಎರೆಭೂತಗಳೊಳಗೆ ಯಾವುದು ಬಲ್ಲುದು ಯಾವುದು ಬಾರದೆಂಬ ಪರೀಕ್ಷೆಯು ನಡೆಯಲೇ ಇಲ್ಲ; ಎಲ್ಲವೂ ಒಟ್ಟಿಗೆ ಹೋದುವು. ಒಂದು ಕುಲದೊಳಗಿನ ಆರಿಸುವಿಕೆ ಬೇರೆ, ಕುಲವನ್ನೇ ಒರೆಸಿಹಾಕುವುದು ಬೇರೆ. ಮನೆಯಲ್ಲಿ ಕಾಳನ್ನು ಕೇರುವ ಹೆಂಗಸು ಮೊರವನ್ನೇ ಬಾವಿಗೆ ಎಸೆದರೆ ಅದನ್ನು ಕೇರುವುದೆಂದು ಹೇಳುವುದುಂಟೇ? ಅಳಿವೂ ನಿಸರ್ಗದಲ್ಲಿ ಉಂಟೆಂಬ ಮಾತಿಗೂ ಉತ್ತರ ಇಲ್ಲಿಯೇ ಇದೆ. ಸಸ್ತನಿಗಳ ಒಂದೊಂದು ಜಾತಿಯು ಸರಾಸರಿ ಹತ್ತು ಲಕ್ಷ ವರುಷದಷ್ಟು ಕಾಲ ಬಾಳಿರುವುದೆಂದು ಪಳೆಯುಳಿಕೆಗಳನ್ನು ಅಭ್ಯಸಿಸಿದವರು ಹೇಳುತ್ತಾರೆ. ಅಳಿದುವುಗಳ ಸ್ಥಾನದಲ್ಲಿ ಹೊಸವು ಕವಲೊಡೆಯಲು ಅವಕಾಶವಿತ್ತು. ಒಬ್ಬ ಮನುಷ್ಯನ ಆಯುಷ್ಯದೊಳಗೆ ಬಯಲು ತೋಪಾದರೆ ಕವಲೊಡೆಯುವುದೆಂತು?

ಹೀಗೆ ಹೇಳಿದಾಗ ಆಯ್ಕೆಯು ಶೀಘ್ರವಾಗಿ ಎಂದಿಗೂ ನಡೆಯದೆಂದು ಭಾವಿಸಬಾರದು. ಸಾಮಗ್ರಿಯಿದ್ದರೆ ಅದು ಬೇಗನೆಯೇ ನಡೆಯುವುದು. ಆದರೆ ಅದಕ್ಕೆ ಬೆಲೆಯುಂಟು. ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗೊರೊಂಗೋಸಾ ವನದ ಆನೆಗಳಲ್ಲಿ ಹತ್ತಕ್ಕೆ ಒಂಬತ್ತನ್ನು ದಂತಕ್ಕಾಗಿಯೂ ಮಾಂಸಕ್ಕಾಗಿಯೂ ಕೊಂದರು. ಯುದ್ಧಕ್ಕೆ ಮೊದಲು ಹೆಣ್ಣಾನೆಗಳಲ್ಲಿ ನೂರಕ್ಕೆ 18ರಷ್ಟು ಮಾತ್ರ ದಂತವಿಲ್ಲದೆ ಹುಟ್ಟುತ್ತಿದ್ದುವು. ಬಳಿಕ ಬದುಕುಳಿದವುಗಳಲ್ಲಿ ಅರ್ಧದಷ್ಟಕ್ಕೆ ದಂತವಿರಲಿಲ್ಲ. 2021ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಆ ಗುಣವನ್ನು ತಾಯಿಯಿಂದ ಪಡೆದ ಗಂಡು ಮರಿಗಳು ಹುಟ್ಟುವ ಮೊದಲೇ ಸಾಯುವುವು. ಬಂದೂಕು ಆರಿಸಿತು, ಕುಲ ಉಳಿಯಿತು, ಆದರೆ ದಂತದಿಂದ ತೊಗಟೆ ಸುಲಿಯುವ, ನೆಲ ಅಗೆದು ನೀರು ತೆಗೆಯುವ ಆನೆ ಕಡಿಮೆಯಾಯಿತು. ಮನುಷ್ಯನು ತಾನು ನಿಸರ್ಗದ ಆಯ್ಕೆಯನ್ನು ಸುಮ್ಮನೆ ನೋಡುತ್ತ ನಿಂತಿರುವೆನೆಂದು ತಿಳಿಯುವುದು ಭ್ರಮೆ. ಅವನ ಬಂದೂಕು, ಅವನ ನೀಲಗಿರಿ, ಅವನ ತಂತಿ ದಿನದಿನವೂ ಆರಿಸುತ್ತಿವೆ.

ರಕ್ಷಣೆಯೂ ಒಂದು ಆಯ್ಕೆಯೇ ಎಂಬುದನ್ನು ರಕ್ಷಕರು ಮರೆತಾಗ ಎಡವಟ್ಟಾಗುವುದು. ರಾಣೆಬೆನ್ನೂರಿನ ಬೇಲಿಯು ಚಿಗರಿಯನ್ನು ಆರಿಸಿ ಹಕ್ಕಿಯನ್ನು ಬಿಟ್ಟಿತೆಂದು ಹೇಳಿದರೆ ಕಟುವಾದೀತು, ಸುಳ್ಳಾಗದು. ತೋಳವಿಲ್ಲದ ಧಾಮದಲ್ಲಿ ಕುಂಟು ಚಿಗರಿಯೂ ಓಡುವ ಚಿಗರಿಯೂ ಸಮಾನವಾಗಿ ಮರಿ ಹಾಕುವುವು. ಕಾಲಾಂತರದಲ್ಲಿ ಆ ಓಟವನ್ನು ಯಾವ ಕಾಯಿದೆಯೂ ಉಳಿಸಿಕೊಡಲಾರದು. ಪಂಜರದಲ್ಲಿ ಸಾಕಿದ ಹಕ್ಕಿಗಳಲ್ಲಿ ಮನುಷ್ಯನಿಗೆ ಹೆದರದವೇ ಹೆಚ್ಚು ಮರಿ ಮಾಡುವುದರಿಂದ ಅಂಜಿಕೆಯೆಂಬ ಹಳೆಯ ಸೊತ್ತು ಮೆಲ್ಲನೆ ಕಳೆಯುವುದು. ಒಂದೊಂದು ಪ್ರಾಣಿಯ ಜೀವವನ್ನು ಹಿಡಿದಿಡುವುದು ರಕ್ಷಣೆಯ ಗುರಿಯಲ್ಲ. ಸಂಖ್ಯೆ, ಭೇದ, ಬಯಲು, ಬೆನ್ನಟ್ಟುವ ತೋಳ, ಇವನ್ನು ಒಟ್ಟಾಗಿ ಬಿಟ್ಟುಕೊಟ್ಟರೆ ಮುಂದಿನದನ್ನು ಆಯ್ಕೆಯೇ ನೋಡಿಕೊಳ್ಳುವುದು. ಆಗ ಅದರಲ್ಲಿ ಕೆಲವು ಸಾಯುವುವು, ಸಾಯಬೇಕು ಕೂಡ.

ಇದರ ಹೊರೆ ಯಾರ ಹೆಗಲ ಮೇಲೆ ಬೀಳುವುದೆಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ರಾಣೆಬೆನ್ನೂರಿನ ಸುತ್ತ ಚಿಗರಿಯ ಹಿಂಡು ಮೆಕ್ಕೆಜೋಳದ ಎಳೆ ಪೈರಿಗೆ ಇಳಿದರೆ ಬೆಳಗಾಗುವಷ್ಟರಲ್ಲಿ ರೈತನ ಎರಡು ತಿಂಗಳ ದುಡಿಮೆ ಹೋಗುವುದು. ಪಟ್ಟಣದಲ್ಲಿ ಕುಳಿತು ಮೃಗದ ಸೊಬಗನ್ನು ಹೊಗಳುವವನಿಗೆ ಆ ನಷ್ಟದಲ್ಲಿ ಪಾಲಿಲ್ಲ. ಪರಿಹಾರದ ಹಣವು ಹೊತ್ತಿಗೆ ಸರಿಯಾಗಿ ಕೈಸೇರದಿದ್ದಲ್ಲಿ ರೈತನ ಸಿಟ್ಟು ಪ್ರಾಣಿಯ ಮೇಲೆಯೇ ತಿರುಗುವುದು. ಅದನ್ನು ತಪ್ಪೆನ್ನುವವರು ಮೊದಲು ಒಂದು ರಾತ್ರಿ ಹೊಲ ಕಾಯ್ದು ನೋಡಬೇಕು.

ಕೈಗಾರಿಕೆಗೂ ಈ ಬಯಲಿಗೂ ಇರುವ ನಂಟು ಹಳೆಯದು. ಹರಿಹರದ ಬಳಿಯ ಕುಮಾರಪಟ್ಟಣದ ಕಾರ್ಖಾನೆಗೆ ಮರದ ತಿರುಳು ಬೇಕಾಗಿ, 1984ರಲ್ಲಿ ಸರಕಾರವೂ ಆ ಉದ್ಯಮವೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟುವು. 1987ರ ನವೆಂಬರಿನಲ್ಲಿ ಕುಸನೂರಿನ ಹಳ್ಳಿಗರು ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ಅವರು ಹೋರಾಡಿದುದು ಮೇವಿಗಾಗಿ, ಸೌದೆಗಾಗಿ; ಎರೆಭೂತಕ್ಕಾಗಿಯಲ್ಲ. ಆದರೆ ದನಕ್ಕೆ ಹುಲ್ಲು ಉಳಿದಲ್ಲಿಯೇ ಹಕ್ಕಿಗೂ ಹುಲ್ಲು ಉಳಿಯುವುದೆಂಬುದನ್ನು ಅಮೃತಮಹಲ್ ಕಾವಲುಗಳ ಇತಿಹಾಸವೇ ಹೇಳುವುದು. ಆ ಕಾವಲುಗಳೂ ಈಗ ಕಿರಿದಾಗಿವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ಹುಲ್ಲು 2009ರ ಬಳಿಕ ಸಂಶೋಧನೆಯ ಮತ್ತು ದೇಶರಕ್ಷಣೆಯ ಸಂಸ್ಥೆಗಳ ಪಾಲಾಯಿತು.

ಈಗ ಬಯಲಿಗೆ ಬಂದಿರುವ ಹೊಸ ಅತಿಥಿಯು ವಿದ್ಯುತ್ತಿನ ತಂತಿ. ಗಾಳಿಯಿಂದಲೂ ಬಿಸಿಲಿನಿಂದಲೂ ವಿದ್ಯುತ್ತನ್ನು ತೆಗೆಯುವ ಯಂತ್ರಗಳು ಈ ಸೀಮೆಯಲ್ಲಿ ವರುಷ ವರುಷಕ್ಕೂ ಹೆಚ್ಚುತ್ತಿವೆ. ಕರೂರಿನ ಶೆಡ್ಡುಗಳಿಗೂ ವಿದ್ಯುತ್ತು ಬೇಡವೆಂದು ಯಾರೂ ಹೇಳಲಾರರು. ಆದರೆ ಎದುರನ್ನು ಕಾಣದ ಭಾರವಾದ ಹಕ್ಕಿಗೆ ಬಾನಿನಲ್ಲಿ ಎಳೆದ ತಂತಿಯು ಕಾಣುವಷ್ಟರಲ್ಲಿ ತಿರುಗಲು ಸ್ಥಳವಿರುವುದಿಲ್ಲ. ಲಕ್ಷ ವರುಷ ಸರಿಯಾಗಿದ್ದ ಕಣ್ಣು ಇಪ್ಪತ್ತು ವರುಷದೊಳಗೆ ತಪ್ಪಾಯಿತು. ರಾಜಸ್ಥಾನ, ಗುಜರಾತುಗಳಲ್ಲಿ ಎರೆಭೂತದ ಸಾವಿಗೆ ಇದೇ ದೊಡ್ಡ ಕಾರಣವಾಗಿರುವುದರಿಂದ 2021ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ತಂತಿಗಳನ್ನು ಸಾಧ್ಯವಾದಲ್ಲಿ ನೆಲದೊಳಗೆ ಹೂಳಬೇಕೆಂದೂ ಉಳಿದೆಡೆ ಹಕ್ಕಿಗೆ ಎಚ್ಚರಿಕೆ ಕೊಡುವ ಬಿಲ್ಲೆಗಳನ್ನು ತೂಗಬೇಕೆಂದೂ ಆಜ್ಞಾಪಿಸಿತು. 2024ರ ಮಾರ್ಚಿನಲ್ಲಿ ಆ ಆಜ್ಞೆಯನ್ನು ಸಡಿಲಿಸಿ, ತಜ್ಞರ ಸಮಿತಿಯೊಂದನ್ನು ನೇಮಿಸಿತು. ವಿದ್ಯುತ್ತೋ ಹಕ್ಕಿಯೋ ಎಂದು ಕೇಳುವುದಕ್ಕಿಂತ, ತಂತಿ ಎಲ್ಲಿ ಹಾಯಬೇಕು, ಎಷ್ಟು ದೂರ ಹೂಳಬೇಕು, ಆ ಖರ್ಚನ್ನು ಯಾರು ಕೊಡಬೇಕು ಎಂದು ಕೇಳುವುದೇ ಉಪಯುಕ್ತ. ಉದ್ಯಮಿಗಳಿಗೆ ಇಂತಹ ಲೆಕ್ಕ ಕಷ್ಟವಲ್ಲ.

ಜೈಸಲ್ಮೇರಿನ ಸಮ್ ಎಂಬಲ್ಲಿ 2019ರಿಂದ ಕಾಡಿನ ಮೊಟ್ಟೆಗಳನ್ನು ತಂದು ಮರಿ ಮಾಡಿಸುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿಯೂ ಹುಟ್ಟಿತು. ಅಲ್ಲಿ ಸಾಕಿರುವ ಹಕ್ಕಿಗಳು ಐವತ್ತನ್ನು ಮೀರಿವೆ. ಆ ಹಕ್ಕಿಗಳ ಸಂತತಿಯನ್ನು ಎಂದಾದರೂ ಬಯಲಿಗೆ ಬಿಡಬೇಕಾಗುವುದು, ಬಿಡುವುದಕ್ಕೆ ಬಯಲಿರಬೇಕು. ಕರ್ನಾಟಕದಲ್ಲಿ ಎರೆಭೂತವು ಇತ್ತೀಚಿನ ವರುಷಗಳಲ್ಲಿ ಕಣ್ಣಿಗೆ ಬಿದ್ದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಲ್ಲಿ, ಅದೂ ಬೆರಳೆಣಿಕೆಯಷ್ಟು. ಅಲ್ಲಿ ಹಕ್ಕಿಯು ತಂಗುವ ನೆಲದಲ್ಲಿ ಬಹುಭಾಗವು ವನ್ಯಧಾಮವಲ್ಲ, ರೈತರ ಹೊಲ. ಮಳೆಯನ್ನೇ ನಂಬಿ ಜೋಳ, ಕಡಲೆ ಬೆಳೆಯುವವರು ಅದನ್ನು ಓಡಿಸದೆ ಬಿಟ್ಟಿರುವುದರಿಂದಲೇ ಅದು ಇಷ್ಟುಕಾಲ ಅಲ್ಲಿ ನಿಂತಿದೆ. ಆ ಹೊಲಗಳು ನೀರಾವರಿಗೆ ತಿರುಗಿ ಬತ್ತದ ಗದ್ದೆಗಳಾಗುವುದೋ, ಬಿಸಿಲಿನ ಫಲಕಗಳಿಗೆ ಗೇಣಿಗೆ ಹೋಗುವುದೋ, ಇಲ್ಲವೆ ಒಂದಿಷ್ಟು ಎರೆಯ ಬಯಲು ಹುಲ್ಲಾಗಿಯೇ ಉಳಿಯುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.